ಕಬ್ಬು ಮತ್ತು ಬ್ಯಾಕ್ಟೀರಿಯಾಗಳ ಸಹಜೀವನ

ಕಬ್ಬಿನ ಬೇರು, ಕಾಂಡ, ಎಲೆಗಳ ಒಳಗೇ ನೆಲೆಸಿ, ಗಾಳಿಯಲ್ಲಿನ ಸಾರಜನಕವನ್ನು ಗಿಡಕ್ಕೆ ದಕ್ಕುವಂತೆ ಮಾಡುವ ಬ್ಯಾಕ್ಟೀರಿಯಾಗಳೊಂದಿಗಿನ ಬಾಳುವೆ. ಇವುಗಳಲ್ಲಿ ಹೆಚ್ಚು ಅಧ್ಯಯನವಾದದ್ದು ಗ್ಲುಕೋನಾಸಿಟೋಬ್ಯಾಕ್ಟರ್ ಡಯಾಜೊಟ್ರೋಫಿಕಸ್. ಕೊಲ್ಲಾಪುರ ಜಿಲ್ಲೆ ಶಿರೋಳ ತಾಲೂಕಿನ ದಾನೋಳಿಯ ಸುತ್ತಿನಿಂದ ಗಡಿ ದಾಟಿ ಚಿಕ್ಕೋಡಿ, ರಾಯಬಾಗ, ಅಥಣಿಗಳವರೆಗಿನ ಕಬ್ಬಿನ ಸೀಮೆಗೆ ಇದು ಜೀವಾಣು ಗೊಬ್ಬರವಾಗಿ, 'ಅಸಿಟೋಬ್ಯಾಕ್ಟರ್' ಎಂಬ ಹಳೆಯ ಹೆಸರಿನಲ್ಲೇ ಬಂದಿದೆ.

ದ್ವಿದಳ ಬೆಳೆಗಳ ಬೇರಿನ ಗಂಟುಗಳ ಗುಟ್ಟನ್ನು ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್ಫಾರ್ಟ್ 1880ರ ದಶಕದಲ್ಲಿ ಬಿಡಿಸಿದರು. ಗಂಟು ಕಣ್ಣಿಗೆ ಕಾಣುತ್ತದೆ. ಕಬ್ಬಿನಲ್ಲಿ ಅಂಥದ್ದೇನೂ ಇಲ್ಲ. ಹಾಗಾಗಿ ಅದರ ಒಳಗೆ ಬಹುಕಾಲ ಯಾರೂ ಹುಡುಕಲೇ ಇಲ್ಲ. ಕಬ್ಬಿನದು ಕಣ್ಣಿಗೆ ಕಾಣದ ಸಂಸಾರ, ಜೀವಕೋಶಗಳ ಸಂದಿಯಲ್ಲಿ.

ಹುಡುಕಿದವರು ಬ್ರೆಜಿಲ್‌ನಲ್ಲಿ ನೆಲೆಸಿದ ವಿಜ್ಞಾನಿ ಜೊಹಾನ್ನಾ ಡೊಬರೈನರ್ (1924–2000). ಕಬ್ಬಿನ ಬೇರಿನ ಸುತ್ತಲಿನ ಮಣ್ಣನ್ನು ಅವರು 1950ರ ದಶಕದಿಂದಲೇ ಪರೀಕ್ಷಿಸುತ್ತಿದ್ದರು. ವರ್ಷಾನುಗಟ್ಟಲೆ ಹೆಚ್ಚು ಗೊಬ್ಬರವಿಲ್ಲದೆಯೂ ಅಲ್ಲಿನ ಕಬ್ಬು ಸೊರಗದೆ ಇಳುವರಿ ಕೊಡುತ್ತಿದ್ದುದು ಲೆಕ್ಕಕ್ಕೆ ಸಿಗದ ಸಂಗತಿಯಾಗಿತ್ತು. 1988ರಲ್ಲಿ ಜೊತೆಗಾರ ಕವಲ್ಕಾಂತೆ ಮತ್ತು ಡೊಬರೈನರ್ ಕಬ್ಬಿನ ಒಳಗಿನಿಂದಲೇ ಈ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ಹುಳಿ ಇದಕ್ಕೆ ಒಗ್ಗುತ್ತದೆ. ಶೇ 10ರಷ್ಟು ಸಕ್ಕರೆಯಲ್ಲಿ ಸೊಗಸಾಗಿ ಬೆಳೆಯುತ್ತದೆ, ಶೇ 30ನ್ನೂ ತಾಳುತ್ತದೆ. ಕಬ್ಬಿನ ಒಳಗೇ ಮನೆ ಮಾಡಿಕೊಂಡ ಜೀವಿಗೆ ಇದಕ್ಕಿಂತ ಬೇರೆ ಸ್ವಭಾವ ಹೊಂದುತ್ತಲೂ ಇರಲಿಲ್ಲ. 1989ರಲ್ಲಿ ಅಸಿಟೋಬ್ಯಾಕ್ಟರ್ ಡಯಾಜೊಟ್ರೋಫಿಕಸ್ ಎಂಬ ಹೆಸರು ಬಂತು. ಗ್ಲುಕೋನಾಸಿಟೋಬ್ಯಾಕ್ಟರ್ ಎಂದಾದದ್ದು ಆಮೇಲೆ.

ಬ್ಯಾಕ್ಟೀರಿಯಾ ಇದೆ ಎಂದ ಮಾತ್ರಕ್ಕೆ ಗಿಡಕ್ಕೆ ಲಾಭವಾಗಿದೆ ಎನ್ನಲಾಗದು. ವಾದ ನಡೆದದ್ದು ಅಲ್ಲೇ. ಸಾರಜನಕ-15 ಐಸೋಟೋಪ್ ಬಳಸಿದ ಬ್ರೆಜಿಲ್‌ನ ಪ್ರಯೋಗಗಳಲ್ಲಿ ಕೆಲವು ತಳಿಗಳು ತಮ್ಮ ಸಾರಜನಕದ ಅರ್ಧಕ್ಕೂ ಹೆಚ್ಚು ಪಾಲನ್ನು ಗಾಳಿಯಿಂದ ಪಡೆದವು, ಬೇರೆ ತಳಿಗಳಿಗೆ ಅಷ್ಟು ದಕ್ಕಲಿಲ್ಲ. ಆ ಪಾಲೆಲ್ಲ ಈ ಒಂದೇ ಬ್ಯಾಕ್ಟೀರಿಯಾದ ದುಡಿಮೆಯೇ? ಹರ್ಬಾಸ್ಪಿರಿಲಮ್‌ನಂಥ ಇತರ ಒಳವಾಸಿಗಳೂ ಕಬ್ಬಿನಲ್ಲಿವೆ. 2001ರಲ್ಲಿ ಅಮೆರಿಕದ ಕ್ರಿಸ್ಟೀನಾ ಕೆನಡಿ ತಂಡ ಒಂದು ಚಂದದ ಪರೀಕ್ಷೆ ನಡೆಸಿತು: ಸಾರಜನಕ ಹಿಡಿಯುವ ಶಕ್ತಿ ಕಳೆದುಕೊಂಡ ಮಾರ್ಪಡಿಸಿದ ಬ್ಯಾಕ್ಟೀರಿಯಾವನ್ನು ಕೆಲವು ಗಿಡಗಳಿಗೆ, ಸಹಜವಾದದ್ದನ್ನು ಕೆಲವಕ್ಕೆ ಸೇರಿಸಿತು. ಸಾರಜನಕದ ಕೊರತೆ ಇದ್ದಲ್ಲಿ ಸಹಜ ಬ್ಯಾಕ್ಟೀರಿಯಾ ಪಡೆದ ಗಿಡಗಳು ಮುಂದಾದವು. ಕೊರತೆ ಇಲ್ಲದಲ್ಲಿ ಎರಡೂ ಬಗೆಯವು ಗಿಡವನ್ನು ಹುರಿದುಂಬಿಸಿದವು. ಅಂದರೆ ಬೆಳವಣಿಗೆಯ ಹಾರ್ಮೋನುಗಳಂಥ ಬೇರೆ ಕೊಡುಗೆಯೂ ಇದೆ.

ಕಬ್ಬನ್ನು ಬೀಜದಿಂದಲ್ಲ, ಕಣ್ಣುಳ್ಳ ತುಂಡುಗಳಿಂದ ನಾಟಿ ಮಾಡುವುದರಿಂದ ಈ ಒಳವಾಸಿ ಒಂದು ಬೆಳೆಯಿಂದ ಮುಂದಿನ ಬೆಳೆಗೆ ತಾನಾಗಿ ದಾಟುತ್ತದೆ. ರೈತ ಅರಿಯದೆಯೇ ಇದನ್ನೂ ನೆಡುತ್ತ ಬಂದಿದ್ದಾನೆ.

1975ರಲ್ಲಿ ಡೆಕ್ಕನ್ ಶುಗರ್ ಇನ್‌ಸ್ಟಿಟ್ಯೂಟ್ ಎಂದು ಆರಂಭವಾದ, ಪುಣೆ ಬಳಿಯ ಮಾಂಜರಿಯಲ್ಲಿರುವ ವಸಂತದಾದಾ ಸಕ್ಕರೆ ಸಂಸ್ಥೆ ಅಸಿಟೋಬ್ಯಾಕ್ಟರನ್ನು ಜೀವಾಣು ಗೊಬ್ಬರವಾಗಿ ಬೆಳೆಗಾರರಿಗೆ ಒದಗಿಸಿತು. ಮಹಾರಾಷ್ಟ್ರದಲ್ಲಿನ ಶಿಫಾರಸು ಹೀಗೆ: ಹೆಕ್ಟೇರಿಗೆ 10 ಕಿಲೊ ಅಸಿಟೋಬ್ಯಾಕ್ಟರ್, 1.25 ಕಿಲೊ ರಂಜಕ ಕರಗಿಸುವ ಜೀವಾಣುಗಳನ್ನು 100 ಲೀಟರ್ ನೀರಿನಲ್ಲಿ ಕಲಸಿ, ತುಂಡುಗಳನ್ನು ಅರ್ಧ ಗಂಟೆ ಅದ್ದಿ ನೆಡುವುದು. ರಾಸಾಯನಿಕ ಸಾರಜನಕವನ್ನು ಅರ್ಧಕ್ಕೆ ಇಳಿಸುವುದು.

ಮೊದಲ ಮಾತು ಸುಲಭ, ಎರಡನೆಯದು ಕಷ್ಟ. ವಾರಣಾ, ಪಂಚಗಂಗೆ, ಕೃಷ್ಣೆಗಳ ದಡದ ಅಡಸಾಲಿ (ಸುಮಾರು ಒಂದೂವರೆ ವರ್ಷದ) ಕಬ್ಬಿಗೆ ಶಿಫಾರಸೇ ಹೆಕ್ಟೇರಿಗೆ 400 ಕಿಲೊ ಸಾರಜನಕ. ಮೆಕ್ಸಿಕೊದ ಮತ್ತು ತಮಿಳುನಾಡಿನ ಅಧ್ಯಯನಗಳು ಕಂಡಂತೆ, ಸಾರಜನಕ ಗೊಬ್ಬರ ಹೆಚ್ಚಾದಷ್ಟೂ ಕಬ್ಬಿನೊಳಗೆ ಈ ಬ್ಯಾಕ್ಟೀರಿಯಾ ಕಡಿಮೆಯಾಗುತ್ತದೆ. ತುಂಡನ್ನು ಅದ್ದಿ ನೆಟ್ಟು, ಮೇಲೆ ಯೂರಿಯಾ ಎಂದಿನಂತೆ ಸುರಿದರೆ ಖರ್ಚು ಎರಡಾಗುತ್ತದೆ, ಉಳಿತಾಯ ಒಂದೂ ಇಲ್ಲ.