ಗ್ರಾಮಫೋನ್ ತಟ್ಟೆಗಳ ಡಿಜಿಟಲೀಕರಣ

ಹಳೆಯ ತಟ್ಟೆಯ ಗೀರುಗಳಲ್ಲಿರುವ ಧ್ವನಿಯನ್ನು ಮನೆಯ ಕಂಪ್ಯೂಟರಿಗೆ ಇಳಿಸಿ ಕಡತವಾಗಿ ಉಳಿಸುವ ಕೆಲಸ. ಟರ್ನ್‌ಟೇಬಲ್, ಫೋನೋ ಪ್ರಿಆಂಪ್, ಆಡಾಸಿಟಿಯಂಥ ಉಚಿತ ತಂತ್ರಾಂಶ ಇದ್ದರೆ ಸಾಕು. ಪ್ರಿಆಂಪ್ ಇಲ್ಲದಿದ್ದರೆ ಧ್ವನಿ ಕ್ಷೀಣವಾಗಿ, ಮಂದ್ರವೇ ಇಲ್ಲದೆ ಕೀರಲಾಗಿ ಬರುತ್ತದೆ.

ತಟ್ಟೆ ಶುಚಿ ಮಾಡುವುದೇ ಅರ್ಧ ಕೆಲಸ. ಬೀದರ್‌ನ ನೌಬಾದದಂಥ ಜಂಬಿಟ್ಟಿಗೆ ನೆಲದ ಊರುಗಳಲ್ಲಿ ಕೆಂಪು ದೂಳು ಗೀರಿಗಿಳಿದು ಚಟಪಟ ಸದ್ದಾಗುತ್ತದೆ. ಆಮೇಲೆ ಫಿಲ್ಟರ್ ಹಾಕಿ ಅದನ್ನು ತೆಗೆಯಹೋದರೆ ಹಾಡಿಗೂ ಪೆಟ್ಟು. ಅರಗಿನ 78 ಆರ್‌ಪಿಎಂ ತಟ್ಟೆಗೆ ಸ್ಪಿರಿಟ್ ತಾಗಿಸಲೇಬಾರದು, ಅರಗು ಕರಗುತ್ತದೆ. ಅದಕ್ಕೆ ಸೂಜಿಯೂ ಬೇರೆ: ಎಲ್‌ಪಿ ಸೂಜಿಯ ತುದಿಯ ತ್ರಿಜ್ಯ ಸುಮಾರು 18 ಮೈಕ್ರಾನ್ ಇದ್ದರೆ ಇದರದು 75ರ ಆಸುಪಾಸು.

44.1 ಕಿಲೋಹರ್ಟ್ಸ್, 16 ಬಿಟ್‌ನ ಸ್ಟೀರಿಯೊ ವೇವ್ ಕಡತ ನಿಮಿಷಕ್ಕೆ ಸುಮಾರು 10 ಎಂಬಿ. ಮೂಲಪ್ರತಿಗೆ ಫ್ಲಾಕ್ ಒಳ್ಳೆಯದು. ಎಂಪಿ3 ಮೊಬೈಲಿನಲ್ಲಿ ಕೇಳಲಷ್ಟೇ.

ಹಳೆಯ ತಟ್ಟೆಯ ಕೊನೆಯ ಕ್ಷಣಗಳನ್ನು ಕತ್ತರಿಸಬಾರದು. ಧ್ವನಿಮುದ್ರಣದ ಆರಂಭದ ದಿನಗಳ ಗಾಯಕಿ ಗೌಹರ್ ಜಾನ್ ಕಾಲದವರು ಹಾಡು ಮುಗಿಸಿ ತಮ್ಮ ಹೆಸರು ಹೇಳುತ್ತಿದ್ದರು. ಲೇಬಲ್ಲಿನ ಹೆಸರನ್ನೂ ಇದ್ದಂತೆಯೇ ಬರೆದಿಡಬೇಕು: ಗಂಗೂಬಾಯಿ ಹಾನಗಲ್ ಅವರ ಆರಂಭದ ತಟ್ಟೆಗಳು ಬಂದದ್ದು ‘ಗಾಂಧಾರಿ’ ಎಂಬ ಹೆಸರಿನಲ್ಲಿ.

ಕಡತವನ್ನು ಇತರರಿಗೆ ಹಂಚುವ ಮುನ್ನ ಹಕ್ಕುಸ್ವಾಮ್ಯ ನೋಡಿಕೊಳ್ಳಬೇಕು: ಭಾರತದಲ್ಲಿ ಧ್ವನಿಮುದ್ರಿಕೆಗೆ ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ.