ಕೆರೆಯ ವೆಚ್ಚದ ವಿಭಾಗಕ್ರಮ

ಕೆರೆಯನ್ನು ಕಟ್ಟಿಸುವುದು ಪುಣ್ಯಕಾರ್ಯವೆಂಬುದಕ್ಕೆ ನಮ್ಮ ಶಾಸನಗಳಲ್ಲಿ ಹೇರಳವಾಗಿ ಪ್ರಮಾಣಗಳು ದೊರೆಯುತ್ತವೆ. ಕಟ್ಟಿದ ಕೆರೆಯನ್ನು ಉಳಿಸಿಕೊಳ್ಳುವ ವೆಚ್ಚವನ್ನು ಯಾವ ನೆಲದವರು ಎಷ್ಟು ಹೊರತಕ್ಕುದೆಂಬುದು ಬೇರೆಯ ಪ್ರಶ್ನೆ. ಪುಣ್ಯವು ಒಬ್ಬನದಾಗಬಹುದು, ಹೂಳೆತ್ತುವ ಹೊರೆಯಾದರೋ ಹಲವರದು. ಈ ಹೊರೆಯ ಹಂಚಿಕೆ ಹಿಂದೆ ಹೇಗಿದ್ದಿತು, ಅದರಲ್ಲಿ ಯಾವ ಕೊರತೆ ಉಳಿಯಿತು ಎಂಬುದನ್ನು, ಮಳೆ ಅತ್ಯಲ್ಪವಾಗಿ ಬೀಳುವ ಚಳ್ಳಕೆರೆ ಸೀಮೆಯನ್ನು ಮುಂದಿಟ್ಟುಕೊಂಡು ವಿಚಾರಿಸುವೆವು.

ಪ್ರಾಚೀನ ವ್ಯವಸ್ಥೆಯನ್ನು ತಿಳಿಸುವ ಪದಗಳಲ್ಲಿ ಬಿತ್ತುವಟ್ಟ, ದಶವಂದ, ಕಟ್ಟುಕೊಡಗೆ ಎಂಬ ಮೂರು ಮುಖ್ಯವಾದುವು. ಕೆರೆಯ ಕೆಳಗಣ ಗದ್ದೆಯನ್ನಾಗಲಿ ಅದರ ಹುಟ್ಟುವಳಿಯ ಭಾಗವನ್ನಾಗಲಿ ಕೆರೆಯ ಕೆಲಸಕ್ಕೆಂದು ಬಿಡುವುದು ಬಿತ್ತುವಟ್ಟ. ಹತ್ತರಲ್ಲೊಂದು ಪಾಲಿನ ಲೆಕ್ಕದಿಂದ ಬಂದುದು ದಶವಂದ. ಕೆರೆಯನ್ನು ಕಟ್ಟಿದವನಿಗೆ ಅಥವಾ ಜೀರ್ಣೋದ್ಧಾರ ಮಾಡಿದವನಿಗೆ ಕೊಡುವ ಮಾನ್ಯದ ಭೂಮಿ ಕಟ್ಟುಕೊಡಗೆ. ನೀರನ್ನು ಹಂಚುವ ನೀರುಗಂಟಿಗೂ ಅಚ್ಚುಕಟ್ಟಿನ ರೈತರು ಕಣದಲ್ಲಿ ಆಯವನ್ನು ಅಳೆದುಕೊಡುತ್ತಿದ್ದರು. ಇವೆಲ್ಲವುಗಳ ತಿರುಳು ಒಂದೇ: ವೆಚ್ಚವು ನೀರುಂಡ ನೆಲದ ಬೆಳೆಯಿಂದಲೇ ಹುಟ್ಟತಕ್ಕುದು.

ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ಐತಿಹ್ಯವು ಇದಕ್ಕೆ ಮತ್ತೊಂದು ಅಳತೆಯನ್ನು ಕೂಡಿಸುತ್ತದೆ. ತಿಪ್ಪೇರುದ್ರಸ್ವಾಮಿಗಳು ಕೆರೆಗಳನ್ನು ಕಟ್ಟಿಸಿದಾಗ, ಆಳುಗಳು ಗುಡ್ಡೆಮಾಡಿಕೊಂಡ ಮಣ್ಣಿನಲ್ಲಿ ಅವರವರು ದುಡಿದಷ್ಟೇ ಕೂಲಿ ದೊರೆಯಿತಂತೆ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಮಾತು ಅವರ ಹೆಸರಿನೊಡನೆ ಇಂದಿಗೂ ನಿಂತಿದೆ. ಐತಿಹ್ಯವು ಚರಿತ್ರೆಯಲ್ಲ; ಆದರೆ ಪಾಲು ಕಾರ್ಯಕ್ಕೆ ಸರಿಯಾಗಿರಬೇಕೆಂಬ ಜನರ ನ್ಯಾಯಬುದ್ಧಿಗೆ ಅದು ಸಾಕ್ಷಿ.

ಇನ್ನು ಕೊರತೆಯ ಮಾತು. 1866ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರಾಗಿದ್ದ ಸ್ಯಾಂಕಿಯವರು ಆ ಸಂಸ್ಥಾನದ ವಿಸ್ತೀರ್ಣದಲ್ಲಿ ನೂರಕ್ಕೆ ಸುಮಾರು 60 ಪಾಲು ಕೆರೆಗಳ ವ್ಯವಸ್ಥೆಗೆ ಒಳಪಟ್ಟಿರುವುದೆಂದು ಗಣಿಸಿದರು. ಈ ಕೆರೆಗಳು ಬಹುಮಟ್ಟಿಗೆ ಸರಪಣಿಯಂತಿದ್ದು, ಮೇಲಣದರ ಕೋಡಿಯ ನೀರು ಕೆಳಗಣದಕ್ಕೆ ಒದಗುವುದು. ಮೇಲಣ ಏರಿ ಒಡೆದರೆ ಕೆಳಗಣ ಏರಿಗೂ ಗಂಡಾಂತರ. ಮೇಲಣ ಬೆದ್ದಲಿನ ಮಣ್ಣು ಕೊಚ್ಚಿಬಂದರೆ ಕೆಳಗಣ ಕೆರೆಗೆ ಹೂಳು. ಆದರೂ ಬಿತ್ತುವಟ್ಟವು ನೀರನ್ನು ಪಡೆಯುವವರನ್ನು ಮಾತ್ರ ಎಣಿಸಿತು. ನೀರನ್ನೂ ಮಣ್ಣನ್ನೂ ಕಳುಹಿಸುವ ನೆಲವನ್ನು ಎಣಿಸಲಿಲ್ಲ.

ಒಡೆತನದ ಎಲ್ಲೆಗೂ ನೀರಿನ ಎಲ್ಲೆಗೂ ಹೊಂದಿಕೆಯಿಲ್ಲದಿರುವ ತೊಡಕನ್ನು ಪೂರ್ವಿಕರು ಅರಿಯದಿರಲಿಲ್ಲ. 1369ರ ಪೋರುಮಾಮಿಳ್ಳ ಶಾಸನವು ಕೆರೆಯ ದೋಷಗಳನ್ನು ಹೇಳುವಲ್ಲಿ ಎರಡು ರಾಜ್ಯಗಳ ಗಡಿಯಲ್ಲಿರುವುದನ್ನೂ ಒಂದು ದೋಷವಾಗಿ ಸೇರಿಸಿದೆ. ಚಳ್ಳಕೆರೆ ಸೀಮೆಯಲ್ಲಿ ಹರಿಯುವ ವೇದಾವತಿಯೂ ಈ ತೊಡಕಿಗೆ ಸಿಕ್ಕಿತು. 1892ರ ಮೈಸೂರು-ಮದರಾಸು ಒಪ್ಪಂದದಂತೆ, ಆ ನದಿಯ ಮೇಲೆ ಹೊಸ ನೀರಾವರಿ ಕೆಲಸವನ್ನು ಕೈಗೊಳ್ಳುವುದಕ್ಕೆ ಮುನ್ನ ಮೈಸೂರು ಮದರಾಸಿನ ಒಪ್ಪಿಗೆಯನ್ನು ಪಡೆಯಬೇಕಾಯಿತು.

ಮುಂದಣ ಶಾಸನವಿಧಿಗಳು ಹಳೆಯ ಸೂತ್ರವನ್ನೇ ಬೆಳೆಸಿದುವು. 1911ರ ಕೆರೆ ಪಂಚಾಯಿತಿ ರೆಗ್ಯುಲೇಷನ್ನು ರೈತರ ಪಂಚಾಯಿತಿಯನ್ನು ಕೆರೆಯ ರಕ್ಷಣೆಗೆ ತೊಡಗಿಸಿತು. 1957ರ ಕಾಯಿದೆಯು ನೀರಾವರಿಯಿಂದ ಬೆಲೆ ಏರಿದ ಭೂಮಿಯ ಮೇಲೆ ಅಭಿವೃದ್ಧಿ ವಂತಿಗೆಯನ್ನು ಹೊರಿಸಿತು. ಎಣಿಕೆಗೆ ಬಂದುದು ಲಾಭ ಪಡೆದ ನೆಲವೇ. 2001ರಲ್ಲಿ ಚಿತ್ರದುರ್ಗವೂ ಸೇರಿ ಐದು ಜಿಲ್ಲೆಗಳಲ್ಲಿ ತೊಡಗಿದ ಸುಜಲ ಯೋಜನೆಯು ಇಡೀ ಜಲಾನಯನವನ್ನೇ ಘಟಕವಾಗಿ ಹಿಡಿದು, ಮೇಲಣ ಹೊಲದ ಬದುವಿನ ವೆಚ್ಚದಲ್ಲೂ ರೈತನ ವಂತಿಗೆಯನ್ನು ಸೇರಿಸಿತು.

ದೊಡ್ಡಉಳ್ಳಾರ್ತಿಯ ಕಾವಲು ಇಲ್ಲಿ ವಿಚಾರಾರ್ಹ. ಅಮೃತಮಹಲ್ ಕಾವಲು ಬಯಲಾಗಿರುವವರೆಗೆ ದನ ಮೇಯಿಸುವವರು ಹಲವರು, ವಂತಿಗೆ ಕೇಳಬಹುದಾದ ಖಾತೆದಾರನು ಒಬ್ಬನೂ ಇಲ್ಲ. 2010ರ ಸುಮಾರಿಗೆ ಉಳ್ಳಾರ್ತಿ, ಖುದಾಪುರ, ವರವು ಕಾವಲುಗಳ ಸಾವಿರಾರು ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಸಂದಿತು. ಬಯಲಿಗೆ ಒಡೆಯರು ಕಾಣಿಸಿಕೊಂಡ ಮೇಲೆ, ಅದರಿಂದ ಇಳಿದುಬರುವ ನೀರಿಗೆ ಉತ್ತರ ಹೇಳತಕ್ಕವರೂ ಕಾಣಿಸಿಕೊಂಡಂತಾಯಿತು.

ಆದುದರಿಂದ ವಿಭಾಗಕ್ಕೆ ಎರಡು ಲೆಕ್ಕಗಳು ಬೇಕೆಂದು ತೋರುತ್ತದೆ: ನೀರು ಪಡೆದ ಗದ್ದೆಯದೊಂದು, ಮಣ್ಣು ಬಿಟ್ಟ ಹೊಲದ್ದೊಂದು. ಬದು ಹಾಕಿ ಮಣ್ಣನ್ನು ತಡೆದ ಮೇಲಣ ಬಡರೈತನು ಕೆಳಗಣವರ ಹೂಳಿನ ವೆಚ್ಚವನ್ನು ಉಳಿಸಿದವನು. ಅವನು ಕೊಡತಕ್ಕವನಲ್ಲ, ಪಡೆಯತಕ್ಕವನು. ನಾಯಕನಹಟ್ಟಿಯ ಮಾತಿಗೆ ಈ ಅರ್ಥವನ್ನು ಕೊಟ್ಟರೆ ಅನುಚಿತವಾಗದು.