ಅಂಗಡಿಕಾರ ಶ್ರಾವಕರ ಆರೋಗ್ಯ: ಸಂಜೆ ಊಟ, ಸಾಮಾಯಿಕ, ಉಪವಾಸ

ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆಗೆದು ರಾತ್ರಿ ಒಂಬತ್ತೂವರೆಗೆ ಮುಚ್ಚುವ ಕಿರಾಣಿ, ಬಟ್ಟೆ, ಪಾತ್ರೆ ಅಂಗಡಿಗಳವರು ನಮ್ಮ ಸಮಾಜದಲ್ಲಿ ಬಹಳ. ಕೆಲಸದವರಿಗೆ ವಾರಕ್ಕೊಂದು ದಿನ ರಜೆ ಕೊಡಬೇಕೆಂದು ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹೇಳುತ್ತದೆ. ಗಾದಿಯ ಮೇಲೆ ಕುಳಿತ ಮಾಲೀಕನ ಊಟ, ನಿದ್ರೆ, ವಿಶ್ರಾಂತಿಯನ್ನು ಕೇಳುವವರಿಲ್ಲ. ಶ್ರಾವಕನ ವ್ರತಗಳು ಅದನ್ನು ಕೇಳುತ್ತವೆ. ಅವುಗಳ ಉದ್ದೇಶ ಅಹಿಂಸೆ ಮತ್ತು ಕರ್ಮನಿರ್ಜರೆ, ಆರೋಗ್ಯವಲ್ಲ. ಆದರೂ ಹೊತ್ತಿಗೆ, ಓಡಾಟಕ್ಕೆ, ಗಳಿಕೆಗೆ ಅವು ಹಾಕುವ ಮಿತಿ ವ್ಯಾಪಾರಿಯ ದೇಹಕ್ಕೂ ಒಪ್ಪುತ್ತದೆ. ಮಧುಮೇಹ, ರಕ್ತದೊತ್ತಡ ಇರುವವರು ಮಾತ್ರ ಈ ವ್ರತಗಳನ್ನು ಔಷಧಿಯ ಲೆಕ್ಕ ಇಟ್ಟುಕೊಂಡೇ ನಡೆಸಬೇಕು. ಈ ಬರಹದ ಹೆಚ್ಚಿನ ಭಾಗ ಅದರ ಬಗ್ಗೆಯೇ ಇದೆ.

ಮೊದಲು ರಾತ್ರಿಭೋಜನ ತ್ಯಾಗ. ವ್ಯಾಪಾರಿಗಳಲ್ಲಿ ಹೆಚ್ಚು ಮುರಿಯುವ ನಿಯಮ ಇದೇ. ಬೆಂಗಳೂರಿನಲ್ಲಿ ನವೆಂಬರ್ ಕೊನೆಗೆ ಸೂರ್ಯಾಸ್ತ ಸುಮಾರು 5.50ಕ್ಕೆ, ಜುಲೈ ಆರಂಭದಲ್ಲಿ 6.50ರ ಸುಮಾರಿಗೆ. ಬೆಳಗಾವಿಯ ಕಡೆ ಇನ್ನೂ ಹತ್ತು ಹದಿನೈದು ನಿಮಿಷ ತಡ. ಎರಡು ಘಳಿಗೆ, ಅಂದರೆ 48 ನಿಮಿಷ ಮೊದಲೇ ಮುಗಿಸುವ ಕಟ್ಟುನಿಟ್ಟಿನವರಿಗೆ ಚಳಿಗಾಲದಲ್ಲಿ ಐದು ಗಂಟೆಯೇ ಕೊನೆ. ಆ ಹೊತ್ತಿಗೆ ಅಂಗಡಿ ಬಿಟ್ಟು ಮನೆಗೆ ಹೋಗುವುದು ಹೇಗೆ ಎಂದು ಕೇಳುತ್ತಾರೆ. ಹೋಗಬೇಕಾಗಿಯೇ ಇಲ್ಲ. ಪೇಟೆಯಲ್ಲಿ ಗಿರಾಕಿಗಳ ಗದ್ದಲ ಏಳುವುದು ದೀಪ ಹಚ್ಚಿದ ಮೇಲೆ. ನಾಲ್ಕೂಮುಕ್ಕಾಲರಿಂದ ಐದೂವರೆಯವರೆಗೆ ಬಹುತೇಕ ಅಂಗಡಿಗಳು ಖಾಲಿ ಇರುತ್ತವೆ. ಮನೆಯಿಂದ ಡಬ್ಬಿ ತರಿಸಿ, ಗಲ್ಲಾದ ಮೇಲೆ ಮಗನನ್ನೋ ಹೆಂಡತಿಯನ್ನೋ ನಂಬಿಕಸ್ಥ ಕೆಲಸದವನನ್ನೋ ಕೂರಿಸಿ, ಒಳಗಿನ ಗೋದಾಮಿನಲ್ಲಿ ಇಪ್ಪತ್ತು ನಿಮಿಷ ಕುಳಿತು ಉಂಡರೆ ವ್ಯಾಪಾರ ಕೆಡುವುದಿಲ್ಲ. ರೊಟ್ಟಿ, ಹೆಸರುಕಾಳಿನ ಪಲ್ಯ, ಸೊಪ್ಪು, ಮಜ್ಜಿಗೆ ಇದ್ದರೆ ಸಾಕು. ಗಂಡನ ಡಬ್ಬಿ ಹೊತ್ತಿಗೆ ಸರಿಯಾಗಿ ಬರುತ್ತದೆ, ಅಂಗಡಿ ನಡೆಸುವ ಹೆಣ್ಣುಮಕ್ಕಳ ಡಬ್ಬಿ ಬರುವುದಿಲ್ಲ. ಮನೆಯವರು ಇದನ್ನು ಗಮನಿಸಬೇಕು.

ಮಧ್ಯಾಹ್ನ ಎರಡಕ್ಕೆ ಉಂಡು, ಆಮೇಲೆ ಚಹಾ ಮತ್ತು ಕರಿದ ತಿಂಡಿಯ ಮೇಲೆ ದಿನ ನೂಕಿ, ರಾತ್ರಿ ಹತ್ತೂವರೆಗೆ ಹೊಟ್ಟೆ ತುಂಬ ಉಂಡು ಕೂಡಲೇ ಮಲಗಿದರೆ ಎದೆಯುರಿ, ಹುಳಿತೇಗು ಬರುವುದು ಸಹಜ. ಸಕ್ಕರೆಯೂ ಏರುತ್ತದೆ. ಏಜೆಂಟರು ಬಂದಾಗಲೆಲ್ಲ ಜೊತೆಗೆ ಕುಡಿಯುವ ಚಹಾವನ್ನು ಯಾರೂ ಎಣಿಸುವುದಿಲ್ಲ. ದಿನಕ್ಕೆ ಎಂಟು ಕಪ್ಪು, ಕಪ್ಪಿಗೆ ಒಂದೂವರೆ ಚಮಚ ಸಕ್ಕರೆ ಎಂದರೆ ಹನ್ನೆರಡು ಚಮಚ!

ಈಗ ಎಚ್ಚರಿಕೆಯ ಮಾತು. ಮಧುಮೇಹಕ್ಕೆ ಗ್ಲಿಮೆಪಿರೈಡ್ ಜಾತಿಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ವೈದ್ಯರು ಸಾಮಾನ್ಯವಾಗಿ “ರಾತ್ರಿ ಊಟಕ್ಕೆ ಮೊದಲು” ಎಂದು ಬರೆದುಕೊಡುತ್ತಾರೆ. ಊಟದ ಹೊತ್ತು ಒಂಬತ್ತು ಎಂದೇ ಅವರ ಎಣಿಕೆ. ವ್ರತ ಹಿಡಿದವರು ಐದೂವರೆಗೆ ಉಂಡು, ಚೀಟಿಯಲ್ಲಿದ್ದ ಹಾಗೆ ಮಾತ್ರೆಯನ್ನು ಒಂಬತ್ತಕ್ಕೆ ನುಂಗಿದರೆ ಮೇಲೆ ಅನ್ನವಿಲ್ಲದೆ ರಕ್ತದ ಸಕ್ಕರೆ ನಡುರಾತ್ರಿ ಕುಸಿಯಬಹುದು. ಬೆವರು, ನಡುಕ, ಎದೆ ಹೊಡೆತ, ತಬ್ಬಿಬ್ಬು ಅದರ ಲಕ್ಷಣ. ನಿದ್ರೆಯಲ್ಲಿದ್ದವರಿಗೆ ಇದು ತಿಳಿಯದೇ ಹೋಗುವುದೂ ಉಂಟು. ಆದ್ದರಿಂದ ವ್ರತ ತೆಗೆದುಕೊಳ್ಳುವ ಮೊದಲೇ ವೈದ್ಯರಿಗೆ “ನಾನು ಇಷ್ಟು ಗಂಟೆಯ ಮೇಲೆ ಉಣ್ಣುವುದಿಲ್ಲ” ಎಂದು ಹೇಳಿ, ಮಾತ್ರೆಯ ಹೊತ್ತು ಮತ್ತು ಪ್ರಮಾಣ ಬದಲಿಸಿಕೊಳ್ಳಬೇಕು. ತಾನಾಗಿ ಮಾತ್ರೆ ಬಿಡಬಾರದು. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, ಹದಿನೈದು ನಿಮಿಷಕ್ಕೆ ಮತ್ತೆ ನೋಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಆಗ ವ್ರತಭಂಗದ ಭಯದಿಂದ ಹಿಂಜರಿಯುವವರಿದ್ದಾರೆ. ನೀರು, ಔಷಧಿ ಬಿಟ್ಟು ಉಳಿದ ಆಹಾರದ ತ್ಯಾಗ ಎಂದು ನಿಯಮ ತೆಗೆದುಕೊಳ್ಳುವ ರೂಢಿ ನಮ್ಮಲ್ಲಿ ಇದ್ದೇ ಇದೆ. ಶ್ವೇತಾಂಬರರ ಪ್ರತ್ಯಾಖ್ಯಾನದಲ್ಲಿ ಅಸ್ವಸ್ಥತೆಗೆಂದೇ ವಿನಾಯಿತಿ ಇದ್ದು, ಅದನ್ನು ಆಗಾರ ಎನ್ನುತ್ತಾರೆ. ನಿಯಮ ಕೊಡುವ ಮುನಿಗಳ ಮುಂದೆ, ಮಾತಾಜಿಯವರ ಮುಂದೆ ಕಾಯಿಲೆಯನ್ನು ಬಿಚ್ಚಿ ಹೇಳಿದರೆ ಅವರೇ ತಕ್ಕ ನಿಯಮ ಹೇಳುತ್ತಾರೆ. ಮುಚ್ಚಿಟ್ಟು ದೊಡ್ಡ ವ್ರತ ಹಿಡಿಯುವುದರಲ್ಲಿ ಯಾವ ಪುಣ್ಯವೂ ನನಗೆ ಕಾಣುವುದಿಲ್ಲ.

ಕೈಕಾಲು ಜೋಮು, ಸುಸ್ತು, ಮರೆವು ಇದ್ದರೆ ಬಿ12 ಪರೀಕ್ಷೆ ಮಾಡಿಸಿ. ಈ ಜೀವಸತ್ವ ಕಾಳು, ತರಕಾರಿಗಳಲ್ಲಿ ಇಲ್ಲ. ಸಸ್ಯಾಹಾರಿಗೆ ಹಾಲು, ಮೊಸರಿನಿಂದಲೇ ಬರಬೇಕು. ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹಳ ವರ್ಷ ತೆಗೆದುಕೊಂಡವರಲ್ಲಿ ಇನ್ನಷ್ಟು ಕಡಿಮೆಯಾಗುತ್ತದೆ. ಪೇಟೆಯಲ್ಲಿ ಶೌಚಾಲಯ ಇಲ್ಲವೆಂದು ಹಗಲೆಲ್ಲ ನೀರು ಕುಡಿಯದೆ ಇರುವುದು ಇನ್ನೊಂದು ಕೆಟ್ಟ ಅಭ್ಯಾಸ. ಮೂತ್ರದ ಕಲ್ಲಿಗೆ ಅದೇ ದಾರಿ. ರಾತ್ರಿ ನೀರನ್ನೂ ಬಿಟ್ಟವರಂತೂ ಸೋಸಿ ಕಾಯಿಸಿದ ನೀರಿನ ತಂಬಿಗೆಯನ್ನು ಗಾದಿಯ ಪಕ್ಕದಲ್ಲೇ ಇಟ್ಟುಕೊಳ್ಳಬೇಕು.

ಸಾಮಾಯಿಕಕ್ಕೂ ರೂಢಿಯಲ್ಲಿ ಇದೇ ಎರಡು ಘಳಿಗೆ. ಅಂಗಡಿ ತೆಗೆಯುವ ಮೊದಲು ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು ಕುಳಿತರೆ ಮಾತ್ರ ಅದು ಸಾಮಾಯಿಕ. ಹತ್ತು ಗಂಟೆ ಗಾದಿಯ ಮೇಲೆ ಕುಳಿತು ಮಂಡಿ, ಸೊಂಟ ಹಿಡಿದವರು ಅದರ ಒಂದು ಭಾಗವನ್ನು ಕಾಯೋತ್ಸರ್ಗದಲ್ಲಿ ನಿಂತು ಮಾಡಬಹುದು. ಬಸದಿಗೆ ಸ್ಕೂಟರ್ ಬಿಟ್ಟು ನಡೆದೇ ಹೋದರೆ ವ್ಯಾಯಾಮಕ್ಕೆಂದು ಬೇರೆ ಹೊತ್ತು ಹುಡುಕಬೇಕಿಲ್ಲ.

ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರದಲ್ಲಿ ಬರುವ ದೇಶಾವಕಾಶಿಕ ವ್ರತ ಎಂದರೆ ಇಷ್ಟು ಹೊತ್ತು ಇಷ್ಟೇ ಎಲ್ಲೆಯೊಳಗೆ ಇರುತ್ತೇನೆ ಎಂಬ ನಿಯಮ. ರಾತ್ರಿ ಬಾಗಿಲು ಹಾಕಿದ ಮೇಲೆ ವಾಟ್ಸಾಪಿನಲ್ಲಿ ಆರ್ಡರು ನೋಡುವುದಿಲ್ಲ ಎನ್ನುವುದನ್ನೂ ಇದರಲ್ಲಿ ಸೇರಿಸಿಕೊಳ್ಳಬಹುದು ಎಂಬುದು ನನ್ನ ಅಭಿಪ್ರಾಯ. ಪರಿಗ್ರಹ ಪರಿಮಾಣ ತೆಗೆದುಕೊಂಡವರು ಉದ್ರಿಗೂ ಒಂದು ಮಿತಿ ಬರೆದಿಡಲಿ. ವ್ಯಾಪಾರಿಯ ನಿದ್ರೆ ಕೆಡಿಸುವುದು ಹೆಚ್ಚಾಗಿ ಬಾರದ ಬಾಕಿಯೇ. ತಿಂಗಳ 11 ಮತ್ತು 20ನೇ ತಾರೀಖು ಜಿಎಸ್‌ಟಿ ಲೆಕ್ಕ ಸಲ್ಲಿಸುವ ಕೊನೆಯ ದಿನಗಳು, ಈಗಿನ ವ್ಯಾಪಾರಿಯ ಹೊಸ ಪರ್ವತಿಥಿಗಳೇ ಅನ್ನಿ. ವರ್ಷದ ವಹಿವಾಟು 5 ಕೋಟಿಯೊಳಗೆ ಇರುವವರು ಮೂರು ತಿಂಗಳಿಗೊಮ್ಮೆ ಸಲ್ಲಿಸುವ ಪದ್ಧತಿಯನ್ನು ಆರಿಸಿಕೊಳ್ಳಬಹುದು. ತೆರಿಗೆಯನ್ನು ಮಾತ್ರ ತಿಂಗಳು ತಿಂಗಳೂ ಕಟ್ಟಬೇಕು.

ದಶಲಕ್ಷಣ ಪರ್ವ ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ. ಉಪವಾಸದ ಸಂಕಲ್ಪ ಇರುವ ಕಾಯಿಲೆಯವರು ಒಂದು ತಿಂಗಳು ಮೊದಲೇ ವೈದ್ಯರನ್ನು ಕಾಣಬೇಕು. ಡಾಪಾಗ್ಲಿಫ್ಲೋಜಿನ್‌ನಂತಹ, ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಮಾತ್ರೆ ತೆಗೆದುಕೊಳ್ಳುವವರಿಗೆ ನಿರ್ಜಲ ಉಪವಾಸ ಅಪಾಯ. ಇನ್ಸುಲಿನ್‌ನವರು, ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು ಉಪವಾಸದ ಬದಲು ರಸತ್ಯಾಗ ಮಾಡಿ ಉಪ್ಪನ್ನೋ ಸಿಹಿಯನ್ನೋ ಬಿಡಬಹುದು. ಊನೋದರವೂ ತಪಸ್ಸೇ, ಆದರೆ ಇನ್ಸುಲಿನ್‌ನವರು ಊಟದ ಪ್ರಮಾಣ ಇಳಿಸುವಾಗಲೂ ವೈದ್ಯರಿಗೆ ಹೇಳಬೇಕು. ಉಪವಾಸದ ದಿನ ಅಂಗಡಿಯಲ್ಲಿ ಮೂಟೆ ಎತ್ತುವ, ಬಿಸಿಲಿನಲ್ಲಿ ವಸೂಲಿಗೆ ತಿರುಗುವ ಕೆಲಸ ಬೇಡ. ಹಲವು ದಿನ ಉಪವಾಸ ಮಾಡಿದವರ ಪಾರಣೆ ಹೆಸರುಬೇಳೆಯ ಕಟ್ಟಿನಂಥ ತೆಳು ಆಹಾರದಿಂದ, ಸ್ವಲ್ಪ ಸ್ವಲ್ಪವಾಗಿ ಆಗಬೇಕು. ಆ ದಿನ ಬೆಳಿಗ್ಗೆ ಅಂಗಡಿಯ ಬಾಗಿಲನ್ನು ಬೇರೆಯವರು ತೆಗೆಯಲಿ.